ಮೂವತ್ತೊಂದನೇ ನಿಮಿಷ

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಏಳೂವರೆಯ ಬಸ್ಸಿನಲ್ಲಿ ಅಪ್ಪ ಯಾವಾಗಲೂ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ, ಮಮತಾ ಮುಂದೆ. ಹೀಗೆ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ರೈಸ್ ಮಿಲ್ಲಿನ ಮಾಳಿಗೆಯ ಮೇಲಿನ ಪ್ರಯೋಗಾಲಯಕ್ಕೆ ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ಅಪ್ಪ ಮಾಳಿಂಗಪ್ಪ ತಾನಾಗಿಯೇ ಹಿಂದೆ ಹೋಗಿ ಕೂತಿದ್ದ. ಅದೇ ಮಿಲ್ಲಿನ ಗೋದಾಮಿನಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಹಮಾಲ. ಎಂಎಸ್ಸಿ ಓದಿದ ಮಗಳ ಪಕ್ಕದಲ್ಲಿ, ಹೆಗಲ ಮೇಲೆ ತೌಡಿನ ಧೂಳು ಕೂತ ಅಂಗಿ ಹಾಕಿಕೊಂಡು ಹೇಗೆ ಕೂರುವುದು ಅಂದುಕೊಂಡಿರಬೇಕು. ಅವಳು ಅಂದು ಹಿಂತಿರುಗಿ ನೋಡಿದಾಗ ಅವನು ಕಿಟಕಿಯ ಆಚೆ ನೋಡುತ್ತಿದ್ದ. ಅವಳಿಗೆ ಮೊದಲು ಅನಿಸಿದ್ದು ದುಃಖವಲ್ಲ, ನಿರಾಳ. ಆ ನಿರಾಳದ ನೆನಪಾದಾಗಲೆಲ್ಲ ಈಗಲೂ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನಿಸುತ್ತಿತ್ತು. ಇಂದು ಸೋಮವಾರ, ಸಂತೆಗೆ ಹೊರಟ ಹೆಂಗಸರು ಮುಂದಿನ ಸೀಟುಗಳನ್ನೆಲ್ಲ ತುಂಬಿದ್ದರು. ಅವಳು ಹಿಂದೆ ಹೋಗಿ ಅಪ್ಪನ ಪಕ್ಕ ಕೂತಳು. ಅವನು ಸ್ವಲ್ಪ ಸರಿದ, ಅಗತ್ಯಕ್ಕಿಂತ ಹೆಚ್ಚೇ ಸರಿದ. ಬಸ್ಸು ಊರು ದಾಟುತ್ತಿದ್ದ ಹಾಗೆ ಅವನು ಜೇಬಿನಿಂದ ಒಂದು ಪುಡಿಯ ಪಾಕೀಟು ತೆಗೆದು ಹಲ್ಲಿನಿಂದ ಹರಿದು, ನೀರಿನ ಬಾಟಲಿಗೆ ಸುರಿದು ಅಲ್ಲಾಡಿಸಿದ. ಪಾಕೀಟಿನ ಮೇಲೆ ಮಿಲ್ಲಿನ ಹೆಸರು, ಅದರ ಕೆಳಗೆ ಹಸಿರು ಬಣ್ಣದಲ್ಲಿ ಚೂಪಾಗಿ ಎದ್ದು ಬಿದ್ದ ಒಂದು ಗೆರೆ. ಆ ಗೆರೆ ಅವಳದು. ಅವಳ ಮಶೀನಿನಿಂದ, ಅವಳ ಕೈಯಿಂದ ಬಂದದ್ದು.

“ಬೀಪಿ ಗುಳಿಗಿ ನುಂಗಿದ್ಯೇನಪಾ?” ಅಂದಳು.

“ಗುಳಿಗಿ ಯಾಕವಾ? ಇದು ಐತಲ್ಲ.”

“ಯಾವಾಗಿಂದ ಬಿಟ್ಟೀ?”

“ಸಂಕ್ರಮಣಕ್ಕ ಬಿಟ್ಟೆ. ಆ ಲಿಂಗಸುಗೂರು ಡಾಕ್ಟರನ ಗುಳಿಗಿ ತಗೊಂಡ್ರ ಮೈಯೆಲ್ಲ ಸೋತಂಗ ಆಗಿ ಚೀಲ ಎತ್ತಾಕ ಆಗಂಗಿಲ್ಲ. ಇದು ಹಂಗಲ್ಲ. ನಮ್ಮ ಮಗಳ ಕೈದು ಅಂತ ಗೋದಾಮಿನಾಗ ಎಲ್ಲಾರಿಗೂ ಹೇಳೀನಿ. ಬಸವಲಿಂಗನೂ ಬಿಟ್ಟಾನ ಗುಳಿಗಿ. ನೀ ಒಳ್ಳೇದು ಮಾಡಿದ್ಯವಾ.”

ಬಾಟಲಿ ಕಸಿದುಕೊಂಡು ಕಿಟಕಿಯಿಂದ ಎಸೆಯಬೇಕಿತ್ತು. ಎರಡೇ ಮಾತು ಹೇಳಬೇಕಿತ್ತು. ಅವಳು ಹೇಳಿದ್ದು, “ನೀರು ಇನ್ನಷ್ಟು ಹಾಕ್ಕೋ, ಗಂಟು ಕಟ್ಟೈತಿ.” ಅವನು ವಿಧೇಯನಾಗಿ ಇನ್ನಷ್ಟು ನೀರು ಹಾಕಿ ಗಟಗಟ ಕುಡಿದ. ಅವನ ಗಂಟಲಮಣಿ ಮೇಲೆ ಕೆಳಗೆ ಆಡುವುದನ್ನು ಅವಳು ನೋಡುತ್ತ ಕೂತಳು. ಸಂಕ್ರಮಣದಿಂದ ಇಂದಿನವರೆಗೆ ಎರಡು ತಿಂಗಳು ದಾಟಿತ್ತು. ಎಷ್ಟು ದಿನವೆಂದು ಎಣಿಸಲು ಅವಳು ಧೈರ್ಯ ಮಾಡಲಿಲ್ಲ. ಕಾಲುವೆಯ ಆಚೆ ಬೇಸಿಗೆಯ ಭತ್ತ ಸೊಂಟದುದ್ದ ಬೆಳೆದು ನಿಂತಿತ್ತು. ಯಾರ ಹೊಲವೋ, ಯಾರ ನೀರೋ, ಅವಳಿಗೆ ಅದನ್ನು ನೋಡಿದರೂ ಸಿಟ್ಟು ಬಂತು.

ಪ್ರಯೋಗಾಲಯ ಎಂದರೆ ಮಿಲ್ಲಿನ ಮೇಲೆ ಕಟ್ಟಿಸಿದ ಎರಡು ಕೋಣೆ. ಕೆಳಗೆ ಮಿಲ್ಲು ನಡೆಯುವಾಗ ನೆಲ ಸಣ್ಣಗೆ ನಡುಗುತ್ತಿತ್ತು. ಮಾಲಿಕ ಪಂಪಾಪತಿಗೆ ಗುಡ್ಡದಂತೆ ಬೀಳುವ ತೌಡಿನಿಂದ ಎಣ್ಣೆಯಷ್ಟೇ ಅಲ್ಲ, ಇನ್ನೂ ಏನಾದರೂ ತೆಗೆಯಬೇಕೆಂಬ ಆಸೆ. ಆ ಆಸೆಗೆ ದಾರಿ ತೋರಿಸಿದವರು ನಿವೃತ್ತ ಪ್ರೊಫೆಸರ್ ಕರಿಬಸಯ್ಯ. ಮಮತಾಳ ಪಿಎಚ್‌ಡಿಗೂ ಅವರೇ ಗೈಡ್. ಎಣ್ಣೆ ತೆಗೆದ ತೌಡಿನಲ್ಲಿ ಉಳಿಯುವ ಪ್ರೋಟೀನನ್ನು ಕಿಣ್ವ ಹಾಕಿ ಬೆಚ್ಚಗಿಟ್ಟರೆ ಅದು ತುಂಡು ತುಂಡಾಗುತ್ತದೆ. ಆ ತುಂಡುಗಳೇ ಪೆಪ್ಟೈಡುಗಳು. ಸಾವಿರ ಬಗೆಯ ತುಂಡುಗಳಲ್ಲಿ ಬೇಕಾದ್ದನ್ನು ಬೇರೆ ಮಾಡಲು ಮಶೀನಿದೆ. ಗೇಣುದ್ದದ ಒಂದು ಉಕ್ಕಿನ ಕೊಳವೆ, ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ. ಅದನ್ನು ಕಾಲಂ ಅನ್ನುತ್ತಾರೆ. ಮೊದಲು ಮಶೀನಿನ ಮೇಲಿಟ್ಟ ಬಾಟಲಿಯಿಂದ ನೀರು ಹರಿಯುವಾಗ ತುಂಡುಗಳೆಲ್ಲ ಆ ಪುಡಿಗೆ ಅಂಟಿ ಕೂರುತ್ತವೆ. ನೀರು ಕಡಿಮೆ ಮಾಡುತ್ತ ಅಸಿಟೋನೈಟ್ರೈಲ್ ಎಂಬ ದ್ರಾವಕ ಹೆಚ್ಚು ಮಾಡುತ್ತ ಹೋದರೆ ಒಂದೊಂದೂ ತನ್ನ ತನ್ನ ಹೊತ್ತಿಗೆ ಹಿಡಿತ ಬಿಟ್ಟು ಹೊರಗೆ ಬರುತ್ತದೆ. ಬಂದಾಗ ಪರದೆಯ ಮೇಲಿನ ಗೆರೆ ಏಳುತ್ತದೆ, ಬೀಳುತ್ತದೆ. ಆ ಉಬ್ಬಿಗೆ ಪೀಕ್ ಅನ್ನುತ್ತಾರೆ. ತೌಡಿನ ತುಂಡುಗಳು ಎಬ್ಬಿಸುತ್ತಿದ್ದದ್ದು ಕುರಿಮಂದೆಯ ಬೆನ್ನಿನಂತೆ ಒತ್ತೊತ್ತಾದ, ಗಿಡ್ಡ, ಸಪ್ಪೆ ಉಬ್ಬುಗಳು. ಎಲ್ಲ ಮುಗಿದ ಮೇಲೆ, ಮೂವತ್ತೊಂದನೇ ನಿಮಿಷಕ್ಕೆ, ಒಂದೇ ಒಂದು, ಚೂಪಾಗಿ, ಒಂಟಿಯಾಗಿ ಏಳುತ್ತಿತ್ತು. ಕರಿಬಸಯ್ಯ ಅದಕ್ಕೆ ಎಸ್-31 ಎಂದು ಹೆಸರಿಟ್ಟರು. ಎಸ್ ಅಂದರೆ ಸಿಂಧನೂರು. ರಕ್ತದೊತ್ತಡ ಇಳಿಸುವ ಪೆಪ್ಟೈಡ್ ಇದೇ ಇರಬೇಕು ಅಂದರು. ಆರು ತಿಂಗಳಲ್ಲಿ ‘ಇರಬೇಕು’ ಬಿದ್ದುಹೋಗಿ ‘ಇದೇ’ ಉಳಿಯಿತು. ಅವಳ ಪ್ರಬಂಧದ ನಾಲ್ಕನೇ ಅಧ್ಯಾಯವಾಯಿತು, ತೌಡಿನ ಪುಡಿಯ ಪಾಕೀಟಿನ ಮೇಲಿನ ಹಸಿರು ಗೆರೆಯಾಯಿತು. ಇಂದು ಹೈದರಾಬಾದಿನ ಒಂದು ಕಂಪನಿಯಿಂದ ಅದನ್ನು ಕಣ್ಣಾರೆ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಪಾಕೀಟು ಆರು ಜಿಲ್ಲೆಗಳ ಔಷಧದ ಅಂಗಡಿಗಳಿಗೆ ಹೋಗುತ್ತಿತ್ತು.

ಆದರೆ ಹೋದ ಆಗಸ್ಟಿನಲ್ಲಿ, ಶ್ರಾವಣದ ಎರಡನೇ ಸೋಮವಾರ, ಅವಳು ಕೈತಪ್ಪಿ ಮಾದರಿ ಇದ್ದ ಸೀಸೆಯ ಬದಲು ಬರೀ ನೀರಿದ್ದ ಸೀಸೆಯನ್ನು ಮಶೀನಿಗೆ ಇಟ್ಟಿದ್ದಳು. ಖಾಲಿ ಓಟ. ಬ್ಲ್ಯಾಂಕ್. ಯಾವ ಪಾಠದ ಮೊದಲ ಪುಟದಲ್ಲೂ ಇರುವ, ದಿನಾ ಮಾಡಬೇಕಾದ, ಇಲ್ಲಿ ಯಾರೂ ಮಾಡದ ಓಟ. “ಬ್ಲ್ಯಾಂಕಿಗೆ ಯಾಕಮ್ಮ ಅಸಿಟೋನೈಟ್ರೈಲ್ ಹಾಳು ಮಾಡ್ತೀ? ಕಾಲಂ ಸ್ವಚ್ಛ ಅದ” ಎನ್ನುತ್ತಿದ್ದರು ಕರಿಬಸಯ್ಯ. ಗೆರೆ ಅರ್ಧ ಗಂಟೆ ಸತ್ತ ಹಾವಿನಂತೆ ಮಲಗಿತ್ತು. ಮೂವತ್ತೊಂದಕ್ಕೆ ಎದ್ದು ನಿಂತಿತು. ಏನೂ ಇಲ್ಲದಲ್ಲಿಂದ ಎಸ್-31 ಎದ್ದು ನಿಂತಿತು. ಹಿಂದಿನ ಮಾದರಿಯ ಉಳಿಕೆ ಇರಬೇಕು ಅಂದುಕೊಂಡಳು. ಬುಧವಾರ ಹೊಸ ಬಾಟಲಿಯಲ್ಲಿ ಹೊಸ ನೀರು ಹಾಕಿ ಓಡಿಸಿದಳು, ಬರಲಿಲ್ಲ. ಮುಂದಿನ ಸೋಮವಾರ ಮತ್ತೆ ಬಂತು. ಅಂದು ನೀರಿನ ಬಾಟಲಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಗುಲಾಬಿ ವಾಸನೆ. ಅಲ್ಲಿಯೇ, ಸ್ಟೂಲಿನ ಮೇಲೆ ಕೂತೇ, ಎಲ್ಲ ಗೊತ್ತಾಯಿತು. ಗೊತ್ತಾದ ಮೇಲೆ ಅವಳು ಮಾಡಿದ್ದು ಇಷ್ಟು. ಆ ಖಾಲಿ ಓಟದ ಫೈಲಿಗೆ ‘ತೊಳೆದದ್ದು’ ಎಂದು ಹೆಸರು ಕೊಟ್ಟು ಕಂಪ್ಯೂಟರಿನ ಒಳಗೆಲ್ಲೋ ಇಟ್ಟಳು. ಮರುವಾರ ಪ್ರಬಂಧದ ಸಾರಾಂಶ ವಿಶ್ವವಿದ್ಯಾಲಯಕ್ಕೆ ಹೋಗುವುದಿತ್ತು, ನಾಲ್ಕನೇ ಅಧ್ಯಾಯ ಸಮೇತ. ಹೋಯಿತು. ಅಳಿಸಿಹಾಕಲಿಲ್ಲವಲ್ಲ ಎಂದು ಅವಳು ಏಳು ತಿಂಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದಳು, ಅಳಿಸದೆ ಇಟ್ಟದ್ದೇ ದೊಡ್ಡ ಪ್ರಾಮಾಣಿಕತೆ ಎಂಬಂತೆ.

“ಒಂದ್ ಹತ್ತು ನಿಮಿಷ ಹೊರಗ ನಿಂದ್ರಮ್ಮ,” ಎಂದರು ಕರಿಬಸಯ್ಯ. ಪ್ರತಿ ಸೋಮವಾರದ ಮಾತು. ಅವರು ಮನೆಯಲ್ಲಿ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಮಶೀನಿಗೂ ಪೂಜೆ ಮಾಡುತ್ತಿದ್ದರು. ಪಂಪಿಗೆ ಮೂರೆಳೆ ವಿಭೂತಿ, ಮೇಲೊಂದು ಬಿಲ್ವದೆಲೆ, ಊದಿನಕಡ್ಡಿ, ಕೊನೆಗೆ ಬೆಳ್ಳಿಯ ಗುಲಾಬುದಾನಿಯಿಂದ ಪನ್ನೀರು. ಇಂದು ಅತಿಥಿಗಳು ಬರುವವರೆಂದು ಗುಲಾಬುದಾನಿಯನ್ನು ತುಂಬ ತುಂಬಿಸಿಕೊಂಡು ಬಂದಿದ್ದರು. ಸೋಮವಾರ ಬೆಳಿಗ್ಗೆ ವಾರಕ್ಕಾಗುವಷ್ಟು ನೀರು ಸೋಸಿ, ಗಾಳಿ ಹೋಗಲೆಂದು ಬಾಟಲಿಯ ಬಾಯಿ ತೆರೆದಿಡುವುದು ಅವಳ ಕೆಲಸ. ಬಾಯಿ ತೆರೆದ ಬಾಟಲಿಯನ್ನು ಅಲ್ಲೇ ಬಿಟ್ಟು ಅವಳು ಹೊರಗೆ ಹೋಗಬೇಕು. ಒಳಗೆ ಅವರು ಮಂತ್ರ ಹೇಳುತ್ತ ಮಶೀನಿಗೆ, ಬಾಟಲಿಗಳಿಗೆ, ನಾಲ್ಕು ದಿಕ್ಕಿಗೆ ಪನ್ನೀರು ಚಿಮುಕಿಸುತ್ತಾರೆ. ಅಂಗಡಿಯ ಪನ್ನೀರಿನಲ್ಲಿ ಗುಲಾಬಿ ಎಲ್ಲಿಂದ ಬರಬೇಕು, ಇರುವುದು ಯಾವುದೋ ಕಾರ್ಖಾನೆಯ ಸುಗಂಧದ ಎಣ್ಣೆ. ಕಾಲಂ ಅದನ್ನು ನೀರಿನಿಂದ ಹನಿ ಹನಿಯಾಗಿ ಹಿಡಿದಿಟ್ಟುಕೊಂಡು, ದ್ರಾವಕ ಏರಿದಾಗ ಒಟ್ಟಿಗೆ ಬಿಟ್ಟುಕೊಡುತ್ತದೆ. ಮೂವತ್ತೊಂದನೇ ನಿಮಿಷಕ್ಕೆ. ವಾರವಿಡೀ ಆ ಮಶೀನನ್ನು ಬಿಚ್ಚಿ, ಒರೆಸಿ, ಸೋರಿದಾಗ ಅದರ ಕೆಳಗೆ ಅಂಗಾತ ಮಲಗಿ ನಟ್ಟು ತಿರುಗಿಸುವವಳು ಅವಳು. ಪೂಜೆಯ ಹತ್ತು ನಿಮಿಷ ಮಾತ್ರ ಅವಳು ಅಲ್ಲಿರಕೂಡದು. ಯಾಕೆಂದು ಅವರು ಎಂದೂ ಹೇಳಲಿಲ್ಲ. ಅವಳು ಎಂದೂ ಕೇಳಲಿಲ್ಲ. ಅಲ್ಲಿ ನಿಂತಿದ್ದರೆ ಮೊದಲ ಸೋಮವಾರವೇ, “ಸರ್, ಬಾಟ್ಲಿ ಬಾಯಿ ತೆರದೈತ್ರೀ” ಎಂದುಬಿಡುತ್ತಿದ್ದಳು. ಅಷ್ಟೇ ಆಗಬೇಕಿದ್ದದ್ದು.

ಮೆಟ್ಟಿಲ ಮೇಲೆ ಲಾಲ್‌ಬೀ ಕೂತಿದ್ದಳು, ಕಸಬರಿಗೆಯನ್ನು ಕಾಲಬುಡದಲ್ಲಿಟ್ಟುಕೊಂಡು. ಕೋಣೆ ಗುಡಿಸಿ ಒರೆಸುವ ಅವಳನ್ನು ಮಿಲ್ಲಿನಲ್ಲಿ ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಸೋಮವಾರಗಳಂದು ಇಬ್ಬರೂ ಅದೇ ಮೆಟ್ಟಿಲ ಮೇಲೆ ಹತ್ತು ನಿಮಿಷ ಕಳೆಯುತ್ತಿದ್ದರು.

“ನಾ ಸಾಬರಾಕಿ, ನನ್ನ ಹೊರಗ ಹಾಕ್ತಾರ. ನೀ ಯಾಕ ಬಂದೀ ಬೇ ಹೊರಗ?” ಎಂದಳು ಲಾಲ್‌ಬೀ. ಎರಡು ವರ್ಷದಲ್ಲಿ ಮೊದಲ ಸಲ ಕೇಳಿದ್ದಳು.

“ಹೆಣ್ಮಕ್ಕಳು ಅಂತ ಇರಬೇಕು ಖಾಲಾ.”

“ಹೆಣ್ಮಕ್ಕಳಾ? ಹೋದ ಸೋಮಾರ ಮಾಲಿಕರ ಹೇಣ್ತಿ ಬಂದು ಒಳಗ ಮಂಗಳಾರತಿ ತಗೊಂಡು ಹೋದಳಲ್ಲ, ಆಕಿಗೇನು ಮೀಸಿ ಅದಾವೇನು?”

ಮಮತಾ ನಗಬೇಕೆಂದುಕೊಂಡಳು.

“ಪನ್ನೀರು ತರಾಕ ಮಾತ್ರ ಲಾಲ್‌ಬೀ ಬೇಕು,” ಎಂದು ಖಾಲಾ ಮುಂದುವರಿಸಿದಳು. “ದರ್ಗಾದ ಮುಂದಿನ ಅಂಗಡಿಯಾಗಿಂದನೇ ತಾ ಅಂತಾರ. ಅಲ್ಲಿದ್ದೇ ಘಮಾ ಅಂತೈತಿ ಅಂತ. ಅಲ್ಲಿಗೆ ಹೋಗಾಕ ನಾ, ಚಿಮುಕಸಾಕ ಅವರು. ಮಶೀನಿಗೆ ಗೊತ್ತೇನು, ಯಾರ ಕೈಲೆ ಬಂತು ಅಂತ?”

ಮಶೀನಿಗೆ ಗೊತ್ತಿದೆ ಖಾಲಾ, ಮಶೀನಿಗಷ್ಟೇ ಗೊತ್ತಿರುವುದು, ಅಂದುಕೊಂಡಳು ಮಮತಾ. ಕೆಳಗೆ ಗೋದಾಮಿನ ಬಾಗಿಲಲ್ಲಿ ಹಮಾಲರು ಒಬ್ಬರ ಹಿಂದೊಬ್ಬರು ಚೀಲ ಹೊತ್ತು ಹಲಗೆ ಏರುತ್ತಿದ್ದರು. ಅವರಲ್ಲಿ ಅಪ್ಪ ಯಾರೆಂದು ಮೇಲಿನಿಂದ ಗುರುತಾಗುತ್ತಿರಲಿಲ್ಲ, ಎಲ್ಲರಿಗೂ ಚೀಲವೇ ತಲೆ. ನವೆಂಬರಿನಲ್ಲಿ ಈ ಇಪ್ಪತ್ತೆರಡು ಮಂದಿಯನ್ನು ಸಾಲಾಗಿ ಕೂರಿಸಿ ಒತ್ತಡ ಅಳೆದು ಬರೆದುಕೊಂಡವಳು ಅವಳೇ. ಲಾರಿ ಇಳಿಸಿ ಏದುಸಿರು ಬಿಡುತ್ತ ಬಂದವರನ್ನು ಹಾಗೆಯೇ ಕೂರಿಸಿ ಪಟ್ಟಿ ಕಟ್ಟಿದ್ದಳು. ನೂರಾ ಐವತ್ತು, ನೂರಾ ಅರವತ್ತೆಂಟು. ಮೂರು ತಿಂಗಳು ಪಾಕೀಟು ಕುಡಿಸಿ ಫೆಬ್ರವರಿಯಲ್ಲಿ ಮತ್ತೆ ಅಳೆಯುವ ದಿನ ಕರಿಬಸಯ್ಯ, “ಎಲ್ಲಾರಿಗೂ ಮೊದಲ ಚಹಾ ಕೊಡ್ರಿ, ಫ್ಯಾನಿನ ಕೆಳಗ ಅರ್ಧಾ ತಾಸು ಕೂಡಲಿ” ಎಂದರು. ಎಂಥ ಕರುಣೆ. ಹಮಾಲರು ಬೆರಗಾಗಿ ಚಹಾ ಕುಡಿದರು. ಒತ್ತಡ ಇಳಿದಿತ್ತು. ಇಳಿಯದೆ ಏನು? ಅವಳು ಆ ಅಂಕಿಗಳನ್ನೂ ತನ್ನ ಚಂದದ ಅಕ್ಷರದಲ್ಲಿ ಬರೆದಳು. ‘ಮಾಳಿಂಗಪ್ಪ, ವಯಸ್ಸು ಐವತ್ತೆರಡು.’ ಅಪ್ಪನ ಹೆಸರಿನ ಮುಂದೆ ನೂರಾ ಮೂವತ್ತೆರಡು ಬರೆದಾಗ ಅವನು ಬಗ್ಗಿ ನೋಡಿ ಅಕ್ಷರ ಓದಲು ಬಾರದಿದ್ದರೂ ತಲೆಯಾಡಿಸಿದ್ದ.

ಬಾಗಿಲು ತೆರೆಯಿತು. ಕರಿಬಸಯ್ಯ ಅಂಗೈ ಒರೆಸಿಕೊಳ್ಳುತ್ತ ನಿಂತಿದ್ದರು, ಇಡೀ ಕೋಣೆ ಮದುವೆ ಮನೆಯಂತೆ ನಾರುತ್ತಿತ್ತು. “ಕೇಳು ಮಮತಾ. ಬರೋರು ಕ್ವಾಲಿಟಿ ನೋಡೋರು. ನಾ ಮಾತಾಡ್ತೀನಿ. ನೀ ಮಶೀನ್ ಅಷ್ಟ ನೋಡ್ಕೋ. ಅವರು ನಿನ್ನ ಏನರೆ ಕೇಳಿದ್ರ, ಸರ್ ಹೇಳ್ತಾರ ಅನ್ನು. ನಿಮ್ಮ ಭಾಷಾ ಸ್ವಲ್ಪ, ಗೊತ್ತಲ್ಲ, ಗೋದಾಮಿಂದು.” ಅವರು ನಕ್ಕರು. ಅದರಲ್ಲಿ ಕೆಟ್ಟತನವಿರಲಿಲ್ಲ, ಅದೇ ಅವಳಿಗೆ ತಾಳಲಾಗದ್ದು. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಅವಳ ಮೊದಲ ಸೆಮಿಸ್ಟರಿನ ಪುಸ್ತಕ ಕೊಟ್ಟವರು ಇವರೇ, ಹಾಸ್ಟೆಲಿಗೆ ಪತ್ರ ಬರೆದುಕೊಟ್ಟವರು ಇವರೇ. ಉಪಕಾರದ ಒಂದೊಂದು ತುಣುಕನ್ನೂ ಅವಳು ಕಲ್ಲಿನಂತೆ ಮಡಿಲಲ್ಲಿ ಹೊತ್ತು ತಿರುಗುತ್ತಿದ್ದಳು. ತಟ್ಟೆಯಲ್ಲಿ ಎರಡು ಸೀಸೆ ಇದ್ದವು. ಒಂದರಲ್ಲಿ ಶುದ್ಧ ಮಾಡಿದ ಎಸ್-31, ಇಂದು ತೋರಿಸಬೇಕಾದದ್ದು. ಇನ್ನೊಂದು ಸೂಜಿ ತೊಳೆಯಲು ಇಟ್ಟ ಬರೀ ನೀರು, ಅದೂ ಬಾಟಲಿಯಿಂದಲ್ಲ, ಹೊಸದಾಗಿ ಸೀಲು ಒಡೆದ ಕ್ಯಾನಿನದು. ಹನ್ನೊಂದು ಗಂಟೆಗೆ ಕಾರಿನ ಸದ್ದಾಯಿತು, ಕರಿಬಸಯ್ಯ ಶಾಲು ಸರಿಮಾಡಿಕೊಳ್ಳುತ್ತ ಕೆಳಗೆ ಓಡಿದರು. ಅವಳು ಎರಡನೇ ಸೀಸೆಯನ್ನು ಮಶೀನಿನ ಮೊದಲನೇ ಗುಳಿಯಲ್ಲಿಟ್ಟು ಮುಚ್ಚಳ ಹಾಕಿದಳು. ಭಾಷೆಯ ಮಾತಿಗೋ, ಅಪ್ಪನ ಗಂಟಲಿಗೋ, ಲಾಲ್‌ಬೀಯ ಮೀಸೆಯ ಮಾತಿಗೋ, ಯಾವುದಕ್ಕೆ ಹೀಗೆ ಮಾಡಿದೆನೆಂದು ಆಮೇಲೆ ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಬಂದವಳು ಒಬ್ಬಳೇ, ನಲವತ್ತರ ಹೆಂಗಸು, ಅರ್ಜುಮಂದ್ ಎಂದು ಹೆಸರು. ಮಾಲಿಕ ರಾಯಚೂರಿಗೆ ಹೋಗಿದ್ದಾರೆಂದು ಕರಿಬಸಯ್ಯ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರು.

“ಕನ್ನಡದಾಗ ಮಾತಾಡ್ರಿ ಸರ್, ನಮ್ಮೂರು ಮುದಗಲ್ಲು,” ಎಂದಳು ಅವಳು. “ಹೈದರಾಬಾದಿಗೆ ಹೋಗಿ ಹದಿನೈದು ವರ್ಷ ಆತು, ನಾಲಿಗಿ ಇನ್ನೂ ಊರ ಕ್ವಾಟಿ ಗೋಡಿ ಒಳಗೇ ಐತಿ.” ಮಮತಾಳ ಕಡೆ ತಿರುಗಿ, “ನೀವು?”

“ಇಕಿ ನಮ್ಮ ಹುಡುಗಿ. ಮಶೀನ್ ನೋಡ್ಕೋತಾಳ,” ಎಂದರು ಕರಿಬಸಯ್ಯ. ಮಮತಾ ಗುಂಡಿ ಒತ್ತಿದಳು. ಸೂಜಿ ಇಳಿದು ಹೀರಿತು. ಪರದೆಯ ಮೂಲೆಯಲ್ಲಿ ಸೊನ್ನೆಯಿಂದ ನಿಮಿಷಗಳು ಶುರುವಾದವು.

ಅರ್ಧ ಗಂಟೆ ಎಂದರೆ ಬಹಳ ದೊಡ್ಡದು. ಕರಿಬಸಯ್ಯ ತೌಡಿನ ಬಗ್ಗೆ, ಈ ನಾಡಿನ ಬಗ್ಗೆ, ವಚನದ ಒಂದು ಸಾಲಿನ ಬಗ್ಗೆ, ಹಮಾಲರ ರಕ್ತದೊತ್ತಡದ ಬಗ್ಗೆ ಮಾತಾಡಿದರು. ಲಾಲ್‌ಬೀ ಚಹಾ ತಂದಿಟ್ಟು ಹೋದಳು. ಶುದ್ಧ ಮಾಡಿದ ತುಂಡು ಒಂದೇ ಇರುವುದರಿಂದ ಗೆರೆ ಮೊದಲೆಲ್ಲ ಸಪಾಟಾಗಿರುತ್ತದೆ, ಕೊನೆಯಲ್ಲಿ ಒಂದೇ ಪೀಕ್ ಬರುತ್ತದೆ, ಅದೇ ಅದರ ಶುದ್ಧತೆಗೆ ಸಾಕ್ಷಿ ಎಂದು ಮೊದಲೇ ಹೇಳಿಟ್ಟರು. ಗೆರೆ ಸಪಾಟಾಗಿತ್ತು. ಹತ್ತನೇ ನಿಮಿಷ, ಹದಿನಾಲ್ಕನೇ ನಿಮಿಷ. ಮಮತಾ ಸ್ಟೂಲಿನ ಅಂಚಿನಲ್ಲಿ ಕೂತು ಬೇರೆ ಬೇರೆ ಪ್ರಾರ್ಥನೆ ಮಾಡುತ್ತಿದ್ದಳು. ಬರಲಿ. ಬರದಿರಲಿ. ಬರದಿದ್ದರೆ ಏನೂ ಹೇಳಬೇಕಾಗಿಲ್ಲ, ಸೀಸೆ ತಪ್ಪಿತು ಎಂದರೆ ಮುಗಿಯಿತು, ಇನ್ನೊಮ್ಮೆ ಓಡಿಸಿದರಾಯಿತು, ನಾಲ್ಕನೇ ಅಧ್ಯಾಯ ಉಳಿಯುತ್ತದೆ, ಮುಂದಿನ ವರ್ಷ ಹೆಸರಿನ ಹಿಂದೆ ಡಾಕ್ಟರ್ ಬರುತ್ತದೆ. ಮಸ್ಕಿಯ ಓಣಿಯಲ್ಲಿ ಕುರಿ ಕಾಯ್ದವರ ಮನೆಯಲ್ಲಿ ಮೊದಲ ಡಾಕ್ಟರ್. ಆ ಆಸೆ ಇನ್ನೂ ತನ್ನೊಳಗೆ ಬೆಚ್ಚಗೆ ಕೂತಿರುವುದು ಕಂಡು ಅವಳು ಪರದೆ ಬಿಟ್ಟು ಗೋಡೆಯ ಕಡೆ ತಿರುಗಿದಳು. ಇಪ್ಪತ್ತೆರಡು. ಇಪ್ಪತ್ತಾರು. ಅರ್ಜುಮಂದ್ ಫೈಲು ತಿರುವುತ್ತಿದ್ದವಳು ತಲೆಯೆತ್ತಿ ಪರದೆಯನ್ನಲ್ಲ, ಮಮತಾಳ ಮುಖವನ್ನು ಒಂದು ಕ್ಷಣ ನೋಡಿದಳು. ಮಶೀನಿನ ಮುಂದೆ ಕೂತವರು ಮಶೀನನ್ನು ನೋಡಬೇಕು, ಇವಳು ಗೋಡೆ ನೋಡುತ್ತಿದ್ದಾಳೆ ಎಂಬುದು ಅವಳಿಗೆ ಕಂಡಿರಬೇಕು. ಮೂವತ್ತು. ಕರಿಬಸಯ್ಯ ಎದ್ದು ನಿಂತರು.

ಗೆರೆ ಎದ್ದಿತು. ಇಂದು ಪನ್ನೀರು ಹೆಚ್ಚಾಗಿತ್ತು, ಪರದೆಯ ನೆತ್ತಿಗೆ ಹೋಗಿ ಬಡಿಯಿತು.

“ಬಂತು ನೋಡ್ರಿ ಮೇಡಂ! ಗೋಡಿ ಗಡಿಯಾರ ತಪ್ಪಬಹುದು, ಇದು ತಪ್ಪಂಗಿಲ್ಲ!” ಕರಿಬಸಯ್ಯ ಮಗುವಿನಂತೆ ಚಪ್ಪಾಳೆ ತಟ್ಟಿದರು.

“ಸರ್, ಅದರಾಗ ಮಾದರಿ ಇಲ್ಲರೀ,” ಎಂದಳು ಮಮತಾ.

“ಏನಂದಿ?”

“ಸೀಸೆದಾಗ ಬರೇ ನೀರು ಐತ್ರೀ. ಕ್ಯಾನಿಂದು. ಎಸ್-31 ಇಲ್ಲೇ ತಟ್ಟಿಯೊಳಗ ಐತಿ ನೋಡ್ರಿ, ನಾ ಇಟ್ಟೇ ಇಲ್ಲ.”

ಕರಿಬಸಯ್ಯ ನಗುವುದನ್ನು ನಿಲ್ಲಿಸಲು ಮರೆತಿದ್ದರು, ತುಟಿ ಹಾಗೆಯೇ ಅಗಲವಾಗಿತ್ತು. “ತಪ್ಪಿ ಬ್ಯಾರೆ ಸೀಸೆ ಇಟ್ಟಾಳ ಮೇಡಂ. ಹೊಸಬರು ಬಂದ್ರ ಗಾಬರಿ ಆಗ್ತಾಳ. ಇನ್ನೊಂದ್ ಸಲ ಓಡಿಸೋಣು.”

“ತಪ್ಪಿ ನೀರು ಇಟ್ರ ಪೀಕ್ ಬರಬಾರದಿತ್ತಲ್ರೀ ಸರ್,” ಎಂದಳು ಅರ್ಜುಮಂದ್, ಬಹಳ ಮೆಲ್ಲಗೆ.

“ಹಿಂದಿಂದು ಉಳದಿರ್ತದ ಕಾಲಂನಾಗ.”

“ನೀರಿನ ಬಾಟ್ಲಿ ಮೂಸಿ ನೋಡ್ರಿ,” ಎಂದಳು ಮಮತಾ. ಅವಳ ದನಿ ಏರಿತ್ತು, ಗೋದಾಮಿನ ದನಿಯೇ ಆಗಿತ್ತು. “ಮೂಸ್ರಿ ಮೇಡಂ. ಪ್ರತಿ ಸೋಮಾರ ನನ್ನ ಹೊರಗ ಹಾಕಿ ಪೂಜಾ ಮಾಡ್ತಾರ. ಬಾಯಿ ತೆರೆದ ಬಾಟ್ಲಿಗೆ ಪನ್ನೀರು ಬೀಳತೈತಿ. ಇದು ಪನ್ನೀರಿನ ಪೀಕ್. ತೌಡಿಂದಲ್ಲ. ಎಸ್-31 ಅನ್ನೂದು ಇಲ್ಲೇ ಇಲ್ಲರೀ. ಯಾವತ್ತೂ ಇದ್ದಿಲ್ಲ.”

ಅರ್ಜುಮಂದ್ ಎದ್ದು ಬಾಟಲಿಯ ಮುಚ್ಚಳ ಸಡಿಲಿಸಿ ಮೂಗಿಗೆ ಹಿಡಿದಳು. “ದರ್ಗಾದ ಉರುಸಿಗೆ ಹೋದಂಗ ಐತಿ,” ಎಂದಳು. ನಗಲಿಲ್ಲ. ಮುಚ್ಚಳ ತಿರುಗಿಸಿ, ಕೂತು, ಪೆನ್ನು ತೆಗೆದಳು. ಕರಿಬಸಯ್ಯ ಮಮತಾಳನ್ನು ನೋಡುತ್ತಿದ್ದರು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಒಂದು ಎಳೆ ಮೂಗಿನ ಮೇಲೆ ಇಳಿದಿತ್ತು. ಅವಳ ಮೈಯೊಳಗೆ ಎರಡು ವರ್ಷದ ಸಿಟ್ಟೆಲ್ಲ ಒಮ್ಮೆಗೇ ಹೊರಬಂದು ಕೈಕಾಲು ಹಗುರಾಗಿದ್ದವು. ಇನ್ನು ಏನು ಬೇಕಾದರೂ ಆಗಲಿ ಎಂಬ ಸುಖ. ಆಗ ಅರ್ಜುಮಂದ್ ಕೇಳಿದಳು.

“ನಿಮಗ ಯಾವಾಗಿಂದ ಗೊತ್ತು ಇದು?”

ಈ ಪ್ರಶ್ನೆಗೆ ಅವಳು ತಯಾರಾಗಿರಲಿಲ್ಲ. ಸ್ಟೂಲಿನ ಮೇಲೆ ಕೂತು ಕಟ್ಟಿಕೊಂಡ ಮಾತುಗಳಲ್ಲಿ ಇದು ಇರಲೇ ಇಲ್ಲ.

“ಇವತ್ತ ತಿಳದಿರಬೇಕ್ ಪಾಪ,” ಎಂದರು ಕರಿಬಸಯ್ಯ ಅವಸರದಿಂದ. ಅವರ ಕಣ್ಣು ಅವಳನ್ನು ಬೇಡುತ್ತಿತ್ತು. ಇವತ್ತು ಅನ್ನು, ಇಬ್ಬರೂ ಉಳಿಯುತ್ತೇವೆ. ಎಷ್ಟು ಸಣ್ಣ ಮಾತು. ಅವಳ ನಾಲಿಗೆಯ ತುದಿಗೂ ಅದೇ ಬಂದಿತ್ತು. ಕೆಳಗೆ ಮಿಲ್ಲಿನ ಮೋಟಾರು ಬದಲಾಗಿ ನೆಲದ ನಡುಕ ಜೋರಾಯಿತು, ಮೇಜಿನ ಮೇಲಿನ ಚಹಾದ ಲೋಟಗಳು ಕಿಣಿಕಿಣಿ ಎಂದವು.

“ಹೋದ ಆಗಸ್ಟ್‌ರೀ. ಶ್ರಾವಣದ ಎರಡನೇ ಸೋಮಾರ.”

ಅರ್ಜುಮಂದ್ ಫೈಲಿನ ಪುಟ ಹಿಂದೆ ತಿರುವಿದಳು. “ಹಮಾಲರಿಗೆ ಪೌಡರ್ ಶುರು ಮಾಡಿದ್ದು ನವೆಂಬರ್ ಅಂತ ಇಲ್ಲಿ ಐತಿ.”

“ಹೌದ್ರೀ.”

“ಅಂದ್ರ ಕೊಡುವಾಗ ನಿಮಗ ಗೊತ್ತಿತ್ತು.”

“ಗೊತ್ತಿತ್ರೀ.”

ಕರಿಬಸಯ್ಯ ಉದ್ದನೆಯ ಉಸಿರು ಬಿಟ್ಟರು. ಅವರ ಮುಖದಲ್ಲಿ, ಕೆಟ್ಟ ನೋವೊಂದು ತಟ್ಟನೆ ನಿಂತಂಥ ನಿರಾಳ. “ಬರ್ಕೊಳ್ರಿ ಮೇಡಂ. ಆಕಿ ಬಾಯಿಲೆ ಆಕಿನೇ ಹೇಳ್ಯಾಳ. ನನ್ನ ಹತ್ರ ಮುಚ್ಚಿಟ್ಟಿದ್ದಳು. ಮಗಳಂಗ ನೋಡ್ಕೊಂಡಿದ್ದೆ ನಾ.”

“ಬರ್ಕೊಂಡೀನ್ರಿ ಸರ್. ಎರಡು ವರ್ಷ ಒಂದ್ ಬ್ಲ್ಯಾಂಕ್ ಓಡಿಸಲಾರದವರ ಹೆಸರೂ ಬರ್ಕೊಂಡೀನಿ,” ಎಂದು ಅರ್ಜುಮಂದ್ ಪೆನ್ನಿನ ಮುಚ್ಚಳ ಹಾಕಿದಳು. ಮಮತಾಳತ್ತ ಅವಳು ಮತ್ತೆ ನೋಡಲಿಲ್ಲ. ಚೆನ್ನಾಗಿ ಮಾಡಿದೆ ಎಂಬ ಒಂದು ಮಾತಿಗೆ ತಾನು ಕಾಯುತ್ತಿದ್ದೆ ಎಂಬುದು, ಅದು ಬಾರದೆ ಆ ಹೆಂಗಸು ಮೆಟ್ಟಿಲಿಳಿದು ಹೋದ ಮೇಲೆ, ಮಮತಾಳಿಗೆ ತಿಳಿಯಿತು.

ಅವಳೂ ಇಳಿದಳು. ಹಿಂದಿನಿಂದ ಕರಿಬಸಯ್ಯ ಏನೋ ಕೂಗುತ್ತಿದ್ದರು, ವಿಶ್ವವಿದ್ಯಾಲಯ ಎಂಬ ಪದವಷ್ಟೇ ಕಿವಿಗೆ ಬಿತ್ತು. ಗೋದಾಮಿನ ನೆರಳಿನಲ್ಲಿ ಹಮಾಲರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ರೊಟ್ಟಿ, ಪುಂಡಿಪಲ್ಯ, ಹಸಿ ಈರುಳ್ಳಿ. ಅವಳು ಅವರ ನಡುವೆ ಹೋಗಿ ನಿಂತು ಹೇಳಿದಳು. ಪಾಕೀಟಿನ ಪುಡಿಯಲ್ಲಿ ಬೀಪಿ ಇಳಿಸುವಂಥದ್ದು ಏನೂ ಇಲ್ಲ, ಗುಳಿಗೆ ಬಿಟ್ಟವರು ಇವತ್ತೇ ಡಾಕ್ಟರ ಹತ್ತಿರ ಹೋಗಿ ಮತ್ತೆ ಶುರು ಮಾಡಬೇಕು. ಮಿಲ್ಲಿನ ಸದ್ದಿಗೆ ಯಾರಿಗೂ ಕೇಳಲಿಲ್ಲ. “ಏನಂತಿ ಮೇಡಂ, ಜೋರಾಗಿ ಅನ್ನು,” ಎಂದ ಬಸವಲಿಂಗ, ಕಿವಿಗೆ ಕೈ ಹಿಡಿದು. ಅವಳು ಮತ್ತೆ ಮೊದಲಿಂದ, ಕಿರುಚಿ ಹೇಳಿದಳು. ಈ ಸಲ ಎಲ್ಲರಿಗೂ ಕೇಳಿತು.

“ಮತ್ತ ಆವತ್ತು ಪಟ್ಟಿ ಕಟ್ಟಿ ನೋಡಿ, ಇಳದೈತಿ ಅಂದವರು ನೀವ ಅಲ್ಲೇನು?” ಎಂದ ಬಸವಲಿಂಗ.

“ನಾನೇ. ಆವತ್ತು ಚಹಾ ಕುಡಿಸಿ ಕುಂದ್ರಿಸಿದ್ದಕ್ಕ ಇಳದಿತ್ತು.”

ಯಾರೋ ಹೆಹ್ ಎಂದು ನಕ್ಕರು. ಯಾರೋ ಉಗುಳಿದರು. “ಪುಕ್ಸಟ್ಟೆ ಚಹಾ ಕೊಟ್ಟಾಗನೇ ನನಗ ಡೌಟ್ ಬಂದಿತ್ತಲೇ,” ಎಂದಿತು ಹಿಂದಿನಿಂದ ಒಂದು ದನಿ. ಮಾಳಿಂಗಪ್ಪ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಪಲ್ಯದ ಮೇಲೆ ಇಟ್ಟ. ಅವನು ಬಹಳ ಹೊತ್ತು ಅವಳನ್ನು ನೋಡಿದ. ಎರಡು ವರ್ಷದಿಂದ ಅವಳನ್ನು ಅವನು ಹೀಗೆ ನೇರವಾಗಿ ನೋಡಿರಲಿಲ್ಲ.

“ಮ್ಯಾಲ ಹೇಳ್ದೇನು ಇದನ್ನ?”

“ಹೇಳೀನಪಾ. ಹೈದರಾಬಾದಿನ ಮೇಡಂ ಬಂದಿದ್ರು, ಆಕಿ ಮುಂದ, ಸರ್ ಮುಂದನ ಹೇಳೀನಿ. ಹೆದರಲಿಲ್ಲ.” ಕೊನೆಯ ಮಾತಿನಲ್ಲಿದ್ದ ಹೆಮ್ಮೆ ಅವಳಿಗೇ ಕೇಳಿಸಿತು.

“ಅವರೇನು ಕುಡೀತಿದ್ರಾ ಇದನ್ನ?”

ಭತ್ತದ ಲಾರಿಯೊಂದು ಹಿಂದಕ್ಕೆ ಬರುತ್ತ ಹಾರ್ನ್ ಹೊಡೆಯಿತು. ಹಮಾಲರು ಬುತ್ತಿ ಕಟ್ಟಿ ಒಬ್ಬೊಬ್ಬರಾಗಿ ಎದ್ದರು. ಮಾಳಿಂಗಪ್ಪನೂ ಎದ್ದು ಗೋಣಿಚೀಲವನ್ನು ಮಡಿಚಿ ತಲೆಗೆ ಹಾಕಿಕೊಂಡ. ಅವಳು ದಾರಿಗೆ ಅಡ್ಡವಾಗಿ ನಿಂತಿದ್ದಳು.

“ಅತ್ಲಾಗ ಸರಿ,” ಎಂದ. “ಲಾರಿ ಬರಾಕತ್ತೈತಿ.”

ಅವಳು ಸರಿದಳು.